ಮೂವತ್ತಮೂರನೆಯ ಡ್ರೋನ್ ಬಂದರೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಯುದ್ಧನೌಕೆಗಳ ಕಾಲ ಮುಗಿಯಿತು ಎನ್ನುವ ಲೇಖನ ಓದಿದೆ. ಅಗ್ಗದ ಡ್ರೋನ್ ದೋಣಿಗಳ ಎದುರು ಸಾವಿರಾರು ಕೋಟಿಯ ಹಡಗು ಕಟ್ಟುವುದು ದಂಡ, ಆ ದುಡ್ಡಿಗೆ ಡ್ರೋನ್ ಮಾಡಿಸಿ ಕರಾವಳಿಯುದ್ದಕ್ಕೂ ಸಾಲಾಗಿ ಇಟ್ಟರೆ ಸಾಕು ಎಂದು ಅದರ ವಾದ. ಬರೆದವರು ಓದಿಕೊಂಡವರು, ಸಂಶಯವಿಲ್ಲ. ಕಡಲಿನ ನೀರು ಅವರ ಪ್ಯಾಂಟಿಗೆ ತಾಗಿದ್ದು ಮಾತ್ರ ಕಡಿಮೆ ಅಂತ ನನಗೆ ಕಂಡಿತು. ಹಾಗಾಗಿ ಈ ಪತ್ರ. ಉದ್ದವಾದರೆ ಕತ್ತರಿ ಆಡಿಸಿ, ಬೇಸರವಿಲ್ಲ. ಕೊನೆಯಲ್ಲಿರುವ ಬೋಯಿಯ, ಅಂದರೆ ನೀರಲ್ಲಿ ತೇಲಿಸುವ ಗುರುತಿನ, ಸಂಗತಿ ಮಾತ್ರ ಬಿಡಬೇಡಿ.

ನಾನು ಕುಂಬಳೆ ಕೊಯಿಪ್ಪಾಡಿಯವ. 1973ರಿಂದ 15 ವರ್ಷ ನೌಕಾಪಡೆಯಲ್ಲಿದ್ದೆ, ಇಂಜಿನ್ ರೂಮಿನಲ್ಲಿ. ಆ ಕೆಲಸದವರನ್ನು ಅಲ್ಲಿ ಸ್ಟೋಕರ್ ಅನ್ನುತ್ತಾರೆ. ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕಾಲ ಹೋಗಿ ಎಷ್ಟೋ ವರ್ಷವಾದರೂ ಹೆಸರು ಹಾಗೇ ಉಳಿದಿದೆ. ಊರಿಗೆ ಬಂದ ಮೇಲೆ ಮೀನುದೋಣಿಗಳ ಔಟ್‌ಬೋರ್ಡ್ ಇಂಜಿನ್ ರಿಪೇರಿ. ಈಗ ಅಂಗಡಿ ಮಗನದ್ದು, ನಾನು ಕಾರ್ಬ್ಯುರೇಟರ್ ತೊಳೆಯಲು ಕೂರುತ್ತೇನೆ. ಯುದ್ಧತಂತ್ರ ಗೊತ್ತಿರುವವ ಅಂತ ಹೇಳಿಕೊಳ್ಳುವುದಿಲ್ಲ. ದೊಡ್ಡ ಸಾಹೇಬರ ನಕ್ಷೆ ಕೋಣೆಯನ್ನು ನಾನು ಕಂಡದ್ದು ಅದಕ್ಕೆ ಪೈಂಟ್ ಹೊಡೆಯುವ ದಿನ ಮಾತ್ರ.

‘ಕಾಲ ಮುಗಿಯಿತು’ ಎನ್ನುವ ಮಾತು ನನಗೆ ಹೊಸತಲ್ಲ. ನಾನು ಸೇರಿದಾಗ ಬಾಂಗ್ಲಾ ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಬ್ಯಾರಕಿನಲ್ಲಿ ರಾತ್ರಿ ದೀಪ ಆರಿದ ಮೇಲೂ ಅದೇ ಮಾತು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಬಾಗಿಲಿಗೇ ಹೋಗಿ ಖೈಬರ್ ಎಂಬ ಡೆಸ್ಟ್ರಾಯರನ್ನೂ ಕಡಲಲ್ಲಿ ಇಟ್ಟ ಸಿಡಿಗುಂಡು, ಅಂದರೆ ಮೈನ್, ತೆಗೆಯುವ ಮುಹಾಫಿಜ್ ಎಂಬ ಮೈನ್ ಸ್ವೀಪರನ್ನೂ ಮುಳುಗಿಸಿ ಬಂದಿದ್ದವು. ಅದಕ್ಕೂ ಮೊದಲು, 1967ರ ಅಕ್ಟೋಬರಿನಲ್ಲಿ, ಅದೇ ರಷ್ಯನ್ ಸ್ಟಿಕ್ಸ್ ಕ್ಷಿಪಣಿಯಿಂದ ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ಐಲಾತ್ ಹಡಗನ್ನು ಮುಳುಗಿಸಿದ್ದವು. ಹದಿನೆಂಟು ವರ್ಷದ ನಮಗೆಲ್ಲ ಕ್ಷಿಪಣಿ ದೋಣಿಗೇ ಹಾಕಬೇಕು ಅಂತ ಹಠ. ಕ್ರೂಸರ್ ಗೀಸರ್ ಎಲ್ಲ ಇನ್ನು ಗುಜರಿಗೆ ಅಂತ ನಾವೇ ತೀರ್ಮಾನ ಮಾಡಿ ಮಲಗುತ್ತಿದ್ದೆವು.

ಒಂದು ದಿನ ತರಗತಿಯಲ್ಲಿ ನಮ್ಮ ಚೀಫ್ ಕೇಳಿದರು: ಆ ದೋಣಿಗಳು ಕರಾಚಿಗೆ ಹೇಗೆ ಹೋದವು? ಎಲ್ಲರದ್ದೂ ಒಂದೇ ಉತ್ತರ, ಇಂಜಿನ್ ಹಾಕಿಕೊಂಡು. ಅಲ್ಲ, ದಾರಿಯಲ್ಲಿ ಬೇರೆ ಹಡಗುಗಳು ಹಗ್ಗ ಕಟ್ಟಿ ಎಳೆದವು ಅಂದರು ಅವರು. ಅವು ಬಂದರಿನ ಬಾಯಿ ಕಾಯಲೆಂದು ಮಾಡಿದ ದೋಣಿಗಳು, ದೂರ ಓಡುವಷ್ಟು ಎಣ್ಣೆ ಹಿಡಿಯುವುದಿಲ್ಲ. ಜೊತೆಗೆ ಕಿಲ್ತಾನ್ ಮತ್ತು ಕಚ್ಚಾಲ್ ಎಂಬ ಎರಡು ದೊಡ್ಡ ಹಡಗುಗಳೂ ಇದ್ದವು. ಚೀಫ್ ಮತ್ತೊಂದು ಪ್ರಶ್ನೆ ಕೇಳಿದರು: ಅದು ಯಾವ ತಿಂಗಳು? ಡಿಸೆಂಬರ್. ಕಡಲು ತಟ್ಟೆಯ ಹಾಗೆ ಇರುವ ತಿಂಗಳು. ಜುಲೈಯಲ್ಲಿ ಆಗಿದ್ದರೆ? ಪಂಜಾಬಿನ ಒಬ್ಬ ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನನಗೆ ತಿಳಿಯಿತು. ಶಿರಿಯ ಅಳಿವೆಯಲ್ಲಿ ಆಷಾಢದ ತೆರೆಗೆ ದೋಣಿ ಕವುಚಿ ಬೀಳುವುದನ್ನು ಕಂಡು ಬೆಳೆದವ ನಾನು.

ಹಾಗಂತ ಡ್ರೋನ್ ದೋಣಿಯನ್ನು ಹಗುರ ಮಾಡುವವ ನಾನಲ್ಲ. 2022ರ ಏಪ್ರಿಲಿನಲ್ಲಿ ಮಾಸ್ಕ್ವಾ ಮುಳುಗಿದ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಕೆಲಸ ನಿಲ್ಲಿಸಿ ಕೂತಿದ್ದೆ. ರಷ್ಯದ ಕಪ್ಪು ಸಮುದ್ರದ ಪಡೆಯ ಮುಖ್ಯ ಹಡಗು ಅದು. ನೆಪ್ಚೂನ್ ಕ್ಷಿಪಣಿ ಹೊಡೆಯಿತು ಅಂತ ಉಕ್ರೇನ್ ಹೇಳಿತು, ಬೆಂಕಿ ಹತ್ತಿ ಮದ್ದುಗುಂಡು ಸಿಡಿಯಿತು ಅಂತ ರಷ್ಯ. ಆಮೇಲೆ ಮಗುರಾ ಎಂಬ ಆಳಿಲ್ಲದ ದೋಣಿ ಬಂತು, ಉದ್ದ ಐದೂವರೆ ಮೀಟರ್. ನಮ್ಮ ಕೈರಂಪಣಿ ದೋಣಿ ಅದಕ್ಕಿಂತ ಉದ್ದ. 2024ರ ಫೆಬ್ರವರಿ ಮತ್ತು ಮಾರ್ಚಿನಲ್ಲಿ ಇವಾನೊವೆಟ್ಸ್, ತ್ಸೆಜಾರ್ ಕುನಿಕೊವ್, ಸೆರ್ಗೆಯ್ ಕೊತೊವ್ ಎಂಬ ಮೂರು ಹಡಗುಗಳನ್ನು ಇಂಥ ದೋಣಿಗಳೇ ಮುಳುಗಿಸಿದವು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ದೇಶ ಸೆವಾಸ್ತೊಪೋಲಿನಿಂದ ರಷ್ಯದ ಹಡಗುಗಳನ್ನು ನೊವೊರೊಸ್ಸಿಸ್ಕಿಗೆ ಓಡಿಸಿತು. ಸಣ್ಣ ಸಂಗತಿ ಅಲ್ಲ.

ಮೆಕ್ಯಾನಿಕ್ ಆದ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಬೇರೆಯೇ. 2022ರ ಸೆಪ್ಟೆಂಬರಿನಲ್ಲಿ ಇಂಥದೊಂದು ದೋಣಿ ಸೆವಾಸ್ತೊಪೋಲಿನ ದಡಕ್ಕೆ ಬಂದು ಬಿದ್ದಿತ್ತು. ಅದರ ಹಿಂಭಾಗದ ಫೋಟೋ ನೋಡಿದೆ. ಪ್ರವಾಸಿಗರು ಬೀಚಿನಲ್ಲಿ ಓಡಿಸುವ ನೀರಿನ ಸ್ಕೂಟರಿನ ಜೆಟ್ ಪಂಪ್! ಸೀ-ಡೂ ಕಂಪನಿಯದ್ದು. ಅಂಗಡಿಯಲ್ಲಿ ಸಿಗುವ ಸಾಮಾನು. ಮಗನಿಗೆ ತೋರಿಸಿ, ನೋಡು, ಇದನ್ನು ನೀನೂ ಬಿಚ್ಚಿ ಕಟ್ಟಬಲ್ಲೆ ಅಂದೆ. ಆಗಬಹುದು ಅಪ್ಪ, ಆದರೆ ಬಿಲ್ಲು ಯಾರ ಹೆಸರಿಗೆ ಅಂತ ಕೇಳಿದ.

ಆದರೆ ಒಡೆಸಾದಿಂದ ಸೆವಾಸ್ತೊಪೋಲಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ನಾಲ್ಕೂ ಕಡೆ ನೆಲ ಇರುವ ಕಡಲು ಅದು. ಹಡಗುಗಳು ಎಲ್ಲಿ ಕಟ್ಟಿಕೊಂಡಿವೆ ಅಂತ ಮೊದಲೇ ಗೊತ್ತು. ಕಾಸರಗೋಡಿನಿಂದ ಏಡನ್ ಕೊಲ್ಲಿಗೆ ಸುಮಾರು 3 ಸಾವಿರ ಕಿಲೋಮೀಟರ್ ಇದೆ. ನಡುವೆ ಜೂನಿನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಳೆಗಾಲದ ಗಾಳಿ. ಕಪ್ಪು ಸಮುದ್ರದಲ್ಲೂ ಚಳಿಗಾಲದ ಬಿರುಗಾಳಿ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಐದೂವರೆ ಮೀಟರಿನ ದೋಣಿಯನ್ನು ಆ ಮೂರು ಸಾವಿರ ಕಿಲೋಮೀಟರಿನ ತೆರೆ ಹತ್ತಿಸಿ ಇಳಿಸಿ ಓಡಿಸುವುದೆಂದರೆ ಏನೆಂದು ನಮ್ಮಲ್ಲಿಯ ದೋಣಿ ನಡೆಸುವ ಯಾವ ತಂಡೇಲನನ್ನೂ ಕೇಳಿ. ತೆರೆಯ ನೆತ್ತಿಯಲ್ಲಿ ಪ್ರೊಪೆಲ್ಲರ್ ನೀರು ಬಿಟ್ಟು ಮೇಲೆ ಬರುತ್ತದೆ, ಇಂಜಿನ್ ಒಮ್ಮೆಲೇ ಚೀರುತ್ತದೆ, ಮತ್ತೆ ನೀರಿಗೆ ಬಿದ್ದಾಗ ಶಾಫ್ಟಿಗೆ ಪೆಟ್ಟು. ಆ ಪೆಟ್ಟು ತಿಂದ ಗೇರ್ ಬಾಕ್ಸುಗಳೇ ನನ್ನ ಮಕ್ಕಳ ಶಾಲೆಯ ಫೀಸು ಕಟ್ಟಿದ್ದು. ಜೆಟ್ ಪಂಪಿಗೆ ಬೇರೆ ರೋಗ, ನೀರಿನ ಜೊತೆ ಗಾಳಿ ನುಂಗಿದರೆ ತಳ್ಳುವ ಬಲವೇ ಹೋಗುತ್ತದೆ.

ಹಳಬರಿಗೆ ಇದು ತಿಳಿದಿತ್ತು. 1780ರಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರಾಲಿಯ ಹಡಗುಗಳನ್ನು ಹಾಳುಮಾಡಿದ್ದೂ ಡಿಸೆಂಬರಿನಲ್ಲಿ. ನಾಲ್ಕು ವರ್ಷದ ಮೇಲೆ ಟಿಪ್ಪು ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ ಸುಲ್ತಾನ್ ಬತ್ತೇರಿ ಕಟ್ಟಿಸಿದ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಕೋಟೆಗಿಂತ ಆಚೆ ದಡಕ್ಕೆ ಹೋಗುವ ದೋಣಿಯೇ ಇಷ್ಟವಾಯಿತು.

ಇನ್ನು ದೊಡ್ಡ ಹಡಗು ಮಾಡುವುದೇನು ಎನ್ನುವ ಪ್ರಶ್ನೆ. ಉದುಮ, ಕೋಟಿಕುಳಂ, ಪಾಲಕ್ಕುನ್ನು ಕಡೆ ಹೋದರೆ ಕೇರಿಗೆ ನಾಲ್ಕು ಮನೆಯವರು ಮರ್ಚೆಂಟ್ ನೇವಿಯಲ್ಲಿ. 2023ರ ಕೊನೆಯಲ್ಲಿ ಯೆಮೆನಿನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದಾಗ ಆ ಮನೆಗಳಲ್ಲಿ ರಾತ್ರಿ ನಿದ್ದೆ ಇರಲಿಲ್ಲ. ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಡ್ರೋನ್ ಬಡಿಯಿತಲ್ಲ, ಅದು ಹೊರಟಿದ್ದು ಎಲ್ಲಿಗೆ ಗೊತ್ತೇ? ನಮ್ಮ ಮಂಗಳೂರಿಗೆ, ನವಮಂಗಳೂರು ಬಂದರಿಗೆ. ಸೌದಿಯಿಂದ ಬರುತ್ತಿತ್ತು. ಹಡಗಿನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಪೆಟ್ಟು ಬಿದ್ದದ್ದು ಗುಜರಾತಿನ ಕರಾವಳಿಯಿಂದ 200 ನಾಟಿಕಲ್ ಮೈಲಿನ ಆಸುಪಾಸು. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಜೊತೆಗೆ ನಿಂತು ಮುಂಬೈಗೆ ತಲುಪಿಸಿತು.

ಮರುವರ್ಷ ಮಾರ್ಚ್ 6ರಂದು ಟ್ರೂ ಕಾನ್ಫಿಡೆನ್ಸ್ ಎಂಬ ಹಡಗಿಗೆ ಕ್ಷಿಪಣಿ ಬಡಿದು ಮೂವರು ಸತ್ತರು. ಉಳಿದ 21 ಮಂದಿಯನ್ನು ನೀರಿನಿಂದ ಎತ್ತಿದ್ದು ನಮ್ಮ ಕೋಲ್ಕತಾ ಯುದ್ಧನೌಕೆ. ಹತ್ತು ದಿನದ ಮೇಲೆ ಅದೇ ಕೋಲ್ಕತಾ ರುಯೆನ್ ಎಂಬ ಅಪಹೃತ ಹಡಗಿಗೆ ಅಡ್ಡ ನಿಂತಿತು. ನಲ್ವತ್ತು ಗಂಟೆಯ ಕೆಲಸ. 35 ಕಡಲ್ಗಳ್ಳರು ಕೈ ಎತ್ತಿದರು, 17 ನಾವಿಕರು ಬದುಕಿ ಬಂದರು. ಲೇಖನ ಬರೆದವರು ಇದೊಂದು ನೋಡಬೇಕಿತ್ತು: ಕೋಲ್ಕತಾದಿಂದ ಮೊದಲು ಹಾರಿಸಿದ ಡ್ರೋನನ್ನು ಕಳ್ಳರು ಗುಂಡು ಹೊಡೆದು ಉರುಳಿಸಿದ್ದರು. ಡ್ರೋನ್ ಬಿದ್ದ ಮೇಲೂ ಹಡಗು ಅಲ್ಲೇ ನಿಂತಿತ್ತು. ನೀರಿಗೆ ಬಿದ್ದವನನ್ನು ಎತ್ತಿ, ಕಂಬಳಿ ಹೊದಿಸಿ, ಚಹಾ ಕೊಡುವ ಕೆಲಸಕ್ಕೆ ಆಳಿಲ್ಲದ ದೋಣಿ ಆಗುವುದಿಲ್ಲ. 2025ರ ಜೂನ್ 9ರಂದು ನಮ್ಮದೇ ಕಣ್ಣೂರಿನ ಎದುರು ವಾನ್ ಹೈ 503 ಎಂಬ ಸರಕು ಹಡಗಿಗೆ ಬೆಂಕಿ ಬಿದ್ದಾಗಲೂ ಬದುಕುಳಿದ 18 ಮಂದಿಯನ್ನು ಮಂಗಳೂರಿಗೆ ತಂದದ್ದು ಸೂರತ್ ಎಂಬ ಯುದ್ಧನೌಕೆಯೇ. ನಾಲ್ವರು ಸಿಗಲಿಲ್ಲ.

ಇಲ್ಲಿನ ಮಲಯಾಳಿ ನೆರೆಯವರು ಭಾರೀ ಗಾತ್ರದ್ದೇನು ಕಂಡರೂ ‘ಎಮಂಡನ್’ ಅನ್ನುತ್ತಾರೆ. ಎಮ್ಡೆನ್ ಎಂಬ ಜರ್ಮನ್ ಹಡಗಿನ ಹೆಸರೇ ಹಾಗಾಯಿತು ಅನ್ನುವುದು ವಾಡಿಕೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಕೊಟ್ಟ ಹಡಗು ಅದು. ಆಮೇಲೆ ಮಿನಿಕಾಯ್ ಕಡೆಗೂ ಬಂದು ವ್ಯಾಪಾರದ ಹಡಗುಗಳನ್ನು ಹಿಡಿಯುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಹಡಗು ಹಿಡಿಯಿತು ಅನ್ನುವುದಕ್ಕಿಂತ, ಹೆದರಿ ಬಂದರು ಬಿಡದೆ ನಿಂತ ಹಡಗುಗಳ ಲೆಕ್ಕ ದೊಡ್ಡದು. ಹೌತಿಗಳ ಡ್ರೋನ್ ಮಾಡಿದ್ದೂ ಅದನ್ನೇ. ಮುಳುಗಿಸಿದ್ದು ಕಡಿಮೆ, ಹಡಗುಗಳನ್ನು ಆಫ್ರಿಕಾ ಸುತ್ತಿಸಿದ್ದು ಹೆಚ್ಚು. ಮಂಗಳೂರಿನಿಂದ ಯುರೋಪಿಗೆ ಕಾಫಿ ಕಳಿಸುವವರನ್ನು ಕೇಳಿದರೆ ಬಾಡಿಗೆ ಎಷ್ಟು ಏರಿತು ಅಂತ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ, ಆ ಲೇಖನದಲ್ಲಿ ನನ್ನನ್ನು ಚುಚ್ಚಿದ ಮಾತೊಂದನ್ನು ಒಪ್ಪಲೇಬೇಕು. ಕೋಲ್ಕತಾದಂಥ ಹಡಗಿನಲ್ಲಿ ಬರಾಕ್ ಕ್ಷಿಪಣಿ 32. ಒಂದೊಂದೂ ಮೇಲಿನಿಂದ ಬರುವುದನ್ನು ಹೊಡೆಯಲು. ಎದುರಾಳಿ ಅಗ್ಗದ ಡ್ರೋನುಗಳನ್ನು ಜೇನು ಎಬ್ಬಿಸಿದ ಹಾಗೆ ಬಿಟ್ಟ ಅಂತಿಟ್ಟುಕೊಳ್ಳಿ. ಒಂದಕ್ಕೆ ಒಂದರಂತೆ, ಒಂದೂ ಗುರಿ ತಪ್ಪದೆ ಹೊಡೆದರೂ ಮೂವತ್ತೆರಡಕ್ಕೆ ಮುಗಿಯಿತು. ಮೂವತ್ತಮೂರನೆಯದು ಬಂದರೆ? ಆ ಗೂಡುಗಳಿಗೆ ನಡುಗಡಲಲ್ಲಿ ಮತ್ತೆ ಕ್ಷಿಪಣಿ ತುಂಬುವುದು ಸುಲಭದ ಮಾತಲ್ಲ, ಬಂದರಿಗೇ ಮರಳಬೇಕು. ಅಷ್ಟೂ ದಿನ ಅಲ್ಲಿಯ ಹಡಗುಗಳಿಗೆ ಕಾವಲು ಯಾರು?

ಉಳಿಯುವುದು ಗನ್. ಆ ಹಡಗಿನಲ್ಲಿ ನಿಮಿಷಕ್ಕೆ ಸಾವಿರಗಟ್ಟಲೆ ಗುಂಡು ಉಗುಳುವ 30 ಮಿಲಿಮೀಟರಿನ ನಾಲ್ಕು ಗನ್ ಇವೆ, ಮುಂದೆ ಒಂದು ದೊಡ್ಡ ಗನ್ ಇದೆ. ನಮ್ಮ ಕಾಲದಲ್ಲಿ ಕ್ಷಿಪಣಿಯವರಿಗೆ ಇದ್ದ ಗತ್ತು ಗನ್ನಿನವರಿಗೆ ಇರಲಿಲ್ಲ, ಮೆಸ್ಸಿನಲ್ಲಿ ಅವರನ್ನು ಹಳೇ ಕಬ್ಬಿಣ ಅಂತ ಗೇಲಿ ಮಾಡುತ್ತಿದ್ದೆವು. ಇವತ್ತು ಡ್ರೋನಿನ ಬೆಲೆಗೆ ಸರಿಹೊಂದುವ ಉತ್ತರ ಅವರ ಕೈಯಲ್ಲೇ ಇದೆ. ಲೇಸರ್ ಬರುತ್ತದೆ, ಸಿಗ್ನಲ್ ಜಾಮ್ ಮಾಡುವ ಯಂತ್ರ ಬರುತ್ತದೆ ಅನ್ನುತ್ತಾರೆ, ಬರಲಿ. ಸರ್ಕಾರವನ್ನು ಕೇಳಬೇಕಾದದ್ದು ಹಡಗು ಬೇಕೋ ಡ್ರೋನ್ ಬೇಕೋ ಅಂತ ಅಲ್ಲ, ಹಡಗಿನ ಹೊಟ್ಟೆಯಲ್ಲಿ ಅಗ್ಗದ ಗುಂಡು ಎಷ್ಟು ದಿನಕ್ಕೆ ಸಾಕು ಅಂತ.

ಇಷ್ಟಾದರೂ ಪೆಟ್ಟು ಬೀಳುತ್ತದೆ. ಬಿದ್ದ ಮೇಲೆ ಏನು ಎನ್ನುವುದು ನನ್ನ ಕಸುಬು, ಅದನ್ನು ಸ್ವಲ್ಪ ಹೇಳಲೇಬೇಕು.

ಲೋನಾವಳದ ಶಿವಾಜಿ ತರಬೇತಿ ಕೇಂದ್ರದಲ್ಲಿ ನಮ್ಮನ್ನು ಒಂದು ಕಬ್ಬಿಣದ ಕೋಣೆಗೆ ಇಳಿಸಿ ಬಾಗಿಲು ಹಾಕಿದರು. ಗೋಡೆಯಲ್ಲಿ ಬೇಕೆಂದೇ ಮಾಡಿದ ತೂತುಗಳು. ದೀಪ ಆರಿತು, ನೀರು ನುಗ್ಗಿತು. ಎದೆಗೆ ಬಡಿಯುವ ನೀರು ಅಂದರೆ ಕೈಯಿಂದ ತಡೆಯಲಾಗದು, ಬೆನ್ನು ಕೊಟ್ಟು ನಿಲ್ಲಬೇಕು. ನಮಗೆ ಕೊಟ್ಟದ್ದು ಮರದ ಬೆಣೆಗಳು, ಹಳೇ ಗೋಣಿ, ಒಂದು ಕೊಡತಿ. ಬೆಣೆಗೆ ಗೋಣಿ ಸುತ್ತಿ, ತೂತಿಗೆ ತುರುಕಿ, ಕತ್ತಲಲ್ಲಿ ಕೊಡತಿಯಿಂದ ಬಡಿಯಬೇಕು. ಮೊದಲ ಪೆಟ್ಟು ನನ್ನ ಹೆಬ್ಬೆರಳಿಗೇ ಬಿತ್ತು, ಆ ಉಗುರು ಇವತ್ತಿಗೂ ಸೊಟ್ಟ. ನೀರು ಸೊಂಟ ದಾಟುವಷ್ಟರಲ್ಲಿ ತೂತಿನ ಸದ್ದು ಬದಲಾಯಿತು, ಭೋರ್ಗರೆಯುತ್ತಿದ್ದದ್ದು ಬುಸುಗುಟ್ಟತೊಡಗಿತು. ಮೆದು ಮರ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತದೆ. ಹೊರಗೆ ಬಂದಾಗ ಚೀಫ್, ಇದೆಲ್ಲ ಹೊಸತಾ ಅಂತ ಕೇಳಿದರು. ನಾನು ಇಲ್ಲ ಸಾರ್ ಅಂದೆ. ನನ್ನ ಅಜ್ಜನ ದೋಣಿಗೆ ಮೊಳೆಯೇ ಇರಲಿಲ್ಲ, ಹಲಗೆ ಹಲಗೆಗೂ ಕತ್ತದ ಹಗ್ಗದ ಹೊಲಿಗೆ. ಸಂದಿಗೆ ತೆಂಗಿನ ನಾರು ಒತ್ತಿ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ನೀರಿಗೆ ಇಳಿಸಿದ ಮೊದಲ ದಿನ ಒಸರುತ್ತದೆ, ಎರಡನೆಯ ದಿನಕ್ಕೆ ಹಲಗೆ ಉಬ್ಬಿ ನಿಲ್ಲುತ್ತದೆ.

16ನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸರ ಡುವಾರ್ಟೆ ಬಾರ್ಬೋಸಾ, ಕುಂಬಳೆಯಿಂದ ಮಾಲ್ದೀವ್ಸಿಗೆ ಅಕ್ಕಿ ಹೋಗಿ ಬದಲಿಗೆ ಕತ್ತ ಬರುತ್ತಿತ್ತು ಎಂದು ಬರೆದಿದ್ದಾನೆ. ಅಕ್ಕಿ ಕೊಟ್ಟು ಹಗ್ಗ ತರುವುದು ಅಂದರೆ ಹುಚ್ಚು ವ್ಯಾಪಾರದ ಹಾಗೆ ಕಾಣಬಹುದು. ಹಗ್ಗವಿಲ್ಲದಿದ್ದರೆ ಹಡಗೇ ಇಲ್ಲ ಅಂತ ಗೊತ್ತಿದ್ದವರ ವ್ಯಾಪಾರ ಅದು.

ನಾನು ನಿವೃತ್ತನಾದ 1988ರಲ್ಲಿ, ಏಪ್ರಿಲ್ 14ಕ್ಕೆ, ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಹಡಗು ಇರಾನಿನ ಮೈನಿಗೆ ತಾಗಿತು. ಆ ಮೈನಿನ ಮಾದರಿ ರಷ್ಯದ್ದು, ರೂಪಿಸಿದ್ದು 1908ರಲ್ಲಿ! ಹಡಗಿನ ಬೆನ್ನೆಲುಬೇ ಮುರಿಯಿತು, ಇಂಜಿನ್ ರೂಮಿಗೆ ನೀರು ನುಗ್ಗಿತು. ಆ ಹುಡುಗರು ಒಂದು ಕಡೆ ಬೆಣೆ ಹೊಡೆಯುತ್ತ, ಇನ್ನೊಂದು ಕಡೆ ಬಿರುಕು ಬಿಟ್ಟ ಮೇಲ್ಕಟ್ಟಡವನ್ನು ಉಕ್ಕಿನ ಹಗ್ಗದಿಂದ ಬಿಗಿದು ಕಟ್ಟಿದರು. ಹತ್ತು ಮಂದಿಗೆ ಗಾಯ, ಒಬ್ಬರೂ ಸಾಯಲಿಲ್ಲ, ಹಡಗೂ ಉಳಿಯಿತು. ಅದಕ್ಕೆ ಆರು ವರ್ಷ ಹಿಂದೆ, ಫಾಕ್‌ಲ್ಯಾಂಡ್ ಯುದ್ಧದಲ್ಲಿ, ಬ್ರಿಟನ್ನಿನ ಶೆಫೀಲ್ಡಿಗೆ ಒಂದೇ ಒಂದು ಎಕ್ಸೋಸೆಟ್ ಕ್ಷಿಪಣಿ ಬಡಿದು 20 ಮಂದಿ ಸತ್ತರು. ಬೆಂಕಿ ಆರಿಸುವ ನೀರಿನ ಕೊಳವೆಯೇ ಒಡೆದುಹೋಗಿತ್ತು. ವಿಮಾನ ದಾಳಿಯ ಮೇಲೆ ಕಣ್ಣಿಡಬೇಕಾದ ಅಧಿಕಾರಿ ಆ ಹೊತ್ತಿಗೆ ಕಾಫಿಗೆ ಹೋಗಿದ್ದರು ಅನ್ನುವುದು ತನಿಖಾ ವರದಿಯಲ್ಲೇ ಇದೆ. ಅಷ್ಟೇ ಅಲ್ಲ, ಹಡಗು ಉಪಗ್ರಹದ ಮೂಲಕ ಮಾತಾಡುತ್ತಿದ್ದುದರಿಂದ ಶತ್ರು ರೇಡಾರಿನ ಸುಳಿವು ಹಿಡಿಯುವ ಅದರದ್ದೇ ಯಂತ್ರ ಕಿವುಡಾಗಿತ್ತು.

ನಮ್ಮ ಖುಕ್ರಿ ಯುದ್ಧನೌಕೆಯನ್ನು ನೆನೆದರೆ ನನಗೆ ಮಾತು ಬರುವುದಿಲ್ಲ. 1971ರ ಡಿಸೆಂಬರ್ 9, ದಿಯು ಎದುರು, ಪಾಕಿಸ್ತಾನದ ಹಂಗೋರ್ ಎಂಬ ಸಬ್‌ಮರೀನಿನ ಟಾರ್ಪಿಡೊ. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆ ಹೋದರು. ಇಂಜಿನ್ ರೂಮಿನವರು ಮೇಲೆ ಬರುವ ಏಣಿ ಎಷ್ಟು ಕಿರಿದು ಅಂತ ನನಗೆ ಗೊತ್ತು.

ಇನ್ನು ಬೋಯಿ. ಕಣ್ಣಿಲ್ಲದಿದ್ದರೆ ಆಯುಧ ಯಾವುದಾದರೂ ಒಂದೇ. 1971ರಲ್ಲಿ ಪಾಕಿಸ್ತಾನದ ವಿಮಾನಗಳು ನಮ್ಮ ಕ್ಷಿಪಣಿ ದೋಣಿ ಅಂತ ತಿಳಿದು ತಮ್ಮದೇ ಜುಲ್ಫಿಕರ್ ಹಡಗಿಗೆ ಗುಂಡು ಹೊಡೆದವು. ಕರಾವಳಿಯಲ್ಲಿ ಆ ಕಣ್ಣು ಮೀನುಗಾರರು. ಮುಂಬೈ ದಾಳಿಯ ಮೇಲೆ ಕಾರ್ಡು ಕೊಟ್ಟರು, ಸಭೆ ಕರೆದರು, ವಿಚಿತ್ರ ವಸ್ತು ಕಂಡರೆ ತಿಳಿಸಿ ಅಂದರು. ಸರಿ. ಕಳೆದ ಅಕ್ಟೋಬರಿನಲ್ಲಿ ನಮ್ಮ ಕಡೆಯ ಒಬ್ಬ ಹುಡುಗನ ಬಲೆಗೆ ಕಿತ್ತಳೆ ಬಣ್ಣದ ಒಂದು ಕೊಳವೆ ಸಿಕ್ಕಿತು. ಮೊಣಕಾಲೆತ್ತರ, ತುದಿಯಲ್ಲಿ ಆಂಟೆನಾ. ಹೆದರಿಕೊಂಡೇ ದಡಕ್ಕೆ ತಂದು, ನೇರ ನಮ್ಮ ಅಂಗಡಿಗೆ ಓಡಿ ಬಂದ. “ಮಾಮ, ಡ್ರೋನಾ ಎಂತ, ಒಮ್ಮೆ ನೋಡಿ ಮಾರಾಯ್ರೆ.” ಹತ್ತಡಿ ದೂರದಿಂದಲೇ ನೋಡಿದೆ. ದೂರದ ಕಡಲಿನವರು ಬಲೆಯ ಗುರುತಿಗೆ ಕಟ್ಟುವ ಬೋಯಿ. ಒಳಗೆ ಎಐಎಸ್ ಇರುತ್ತದೆ, ತಾನು ಎಲ್ಲಿದ್ದೇನೆ ಅಂತ ರೇಡಿಯೋದಲ್ಲಿ ಸಾರುವ ಯಂತ್ರ, ಹಡಗಿನವರ ಪರದೆಯಲ್ಲಿ ಅದೂ ಒಂದು ಹಡಗಿನ ಹಾಗೆ ಕಾಣುತ್ತದೆ. ನನಗೆ ತಿಳಿದರೆ ಸಾಕೇ? ನೋಡಬೇಕಾದವರು ನೋಡಬೇಕು.

ಒಂದು ಕಚೇರಿಗೆ ಫೋನ್ ಮಾಡಿದೆವು. ಅವರು ಇನ್ನೊಂದರ ನಂಬರ್ ಕೊಟ್ಟರು, ಅಲ್ಲಿಂದ ಮೂರನೆಯದು. ಹುಡುಗನ ಮನೆಮಾತು ತುಳು, ಓದಿದ್ದು ಕನ್ನಡ. ಆಚೆಯವರ ಮಲಯಾಳ ಅವನಿಗೆ ಅರ್ಧ, ಇವನದ್ದು ಅವರಿಗೆ ಕಾಲು. ಬೋಯಿ ಅನ್ನುವುದನ್ನು ಬಾಯ್ ಅಂತ ಕೇಳಿಸಿಕೊಂಡು, ಮಗುವಿಗೆ ವಯಸ್ಸೆಷ್ಟು ಅಂತ ಕೇಳಿದರು. ಇದು ನಗೆಮಾತಲ್ಲ ಸ್ವಾಮಿ, ನಡೆದದ್ದು. ಮಂಜೇಶ್ವರದಿಂದ ಕಾಸರಗೋಡಿನ ತನಕ ಕಡಲಿಗೆ ಇಳಿಯುವವರಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಇದ್ದಾರೆ! ಡ್ರೋನ್, ಮೈನ್, ಬೋಯಿ, ಇವುಗಳ ಚಿತ್ರ ಹಾಕಿ, ಕನ್ನಡದಲ್ಲೂ ನಾಲ್ಕು ಸಾಲು ಬರೆದ ಒಂದು ಹಾಳೆ ಹಂಚಲು, ಕನ್ನಡ ಬಲ್ಲ ಒಬ್ಬರನ್ನು ಫೋನಿನ ಹತ್ತಿರ ಕೂರಿಸಲು ಸಾವಿರಾರು ಕೋಟಿ ಬೇಡ. ಹಾಳೆ ಬರೆದುಕೊಡಲು ನಾನು ತಯಾರು, ಸಂಬಳ ಬೇಡ.

ಬೋಯಿ ಎಂಟು ದಿನ ನಮ್ಮ ಅಂಗಡಿಯ ಹೊರಗೆ, ಹಳೇ ಟಯರಿನ ನಡುವೆ ನಿಂತಿತ್ತು. ಯಾರೂ ಮುಟ್ಟದಿರಲಿ ಅಂತ ಸುತ್ತ ಹಗ್ಗ ಕಟ್ಟಿದ್ದೆ. ನೆರೆಮನೆಯ ಕೋಳಿಗೆ ಹಗ್ಗದ ಲೆಕ್ಕವಿಲ್ಲ, ದಿನವೂ ಅದರ ತುದಿಯಲ್ಲೇ ಕೂರುತ್ತಿತ್ತು. ಒಂಬತ್ತನೆಯ ದಿನ ಒಬ್ಬರು ಸ್ಕೂಟರಿನಲ್ಲಿ ಬಂದು ಅದನ್ನು ಗೋಣಿಯಲ್ಲಿ ಸುತ್ತಿ, ಕಾಲ ಬಳಿ ಇಟ್ಟುಕೊಂಡು ಹೋದರು. ರಶೀದಿ ಕೇಳಿದೆ. ಕಳಿಸುತ್ತೇವೆ ಅಂದರು.

ಇತಿ,
ಒಬ್ಬ ನಿವೃತ್ತ ಸ್ಟೋಕರ್
ಕೊಯಿಪ್ಪಾಡಿ, ಕುಂಬಳೆ